ಉಪಚಾರಕ್ಕೆ ಬೇಡ

ಮದ್ರೀನಾ ಬಿಸಿನೀರಿನ ಬೋಗುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಅವರ ಕಾಲುಗುರು ಕೊಂಬಿನ ಹಾಗೆ ಗಟ್ಟಿ. ಅರ್ಧ ಗಂಟೆ ನೆನೆಯದಿದ್ದರೆ ಕತ್ತರಿ ಹಿಡಿಯುವುದಿಲ್ಲ. ನಾನು ನೆಲದ ಮೇಲೆ ಕೂತು ಬಲಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಬೆರಳ ಸಂದುಗಳನ್ನು ಟವೆಲಿನಿಂದ ಒತ್ತಿ ಒರೆಸಿದೆ. ಕಿರುಬೆರಳಿನಿಂದ ಶುರು ಮಾಡಿದೆ. ಈ ಕೆಲಸದ ಹೊತ್ತಿನಲ್ಲಿ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ನಾನು ಅವರ ಉಸಿರನ್ನು ಕೇಳಿಸಿಕೊಳ್ಳುತ್ತಿದ್ದೆ. ಐವತ್ತು ವರ್ಷ ಸೌದೆ ಒಲೆಯ ಮುಂದೆ ಕೂತ ಎದೆ ಅದು. ಒಳಗೆ ಎಳೆದುಕೊಳ್ಳುವಾಗ ಸದ್ದಿಲ್ಲ, ಬಿಡುವಾಗ ಮಾತ್ರ ಬಾಗಿಲ ಸಂದಿನಲ್ಲಿ ಗಾಳಿ ನುಗ್ಗಿದ ಹಾಗೆ ಸಣ್ಣ ಸಿಳ್ಳೆ. ಆ ಮಂಗಳವಾರ ಎಳೆದುಕೊಳ್ಳುವಾಗಲೂ ಸಿಳ್ಳೆ ಇತ್ತು.

ಎಡಗಾಲಿಗೆ ಬಂದಾಗ ಅವರೇ ಬಾಯಿ ಬಿಟ್ಟರು.

"ಯಿನೆತ್, ಮಾರ್ಚ್ ತಿಂಗಳಲ್ಲಿ ಡಾಕ್ಟರ ಹತ್ರ ಒಂದು ಕಾಗದ ಬರೆಸಿದ್ವಲ್ಲ. ಅದನ್ನ ಅಳಿಸೋಕಾಗುತ್ತಾ?"

ನನ್ನ ಕೈ ನಿಂತಿತು. "ಯಾಕೆ ಮದ್ರೀನಾ?"

"ಸುಮ್ನೆ ಕೇಳ್ದೆ. ನೀನು ಕತ್ತರಿ ನೋಡ್ಕೋ, ಬೆರಳು ಹೋದೀತು."

ಅನತಿಲ್ದೆ ಅವರ ಹೆಸರು. ಚರ್ಚಿನಲ್ಲಿ ನನಗೆ ಹೆಸರಿಟ್ಟ ದಿನ ನನ್ನನ್ನು ಎತ್ತಿಕೊಂಡು ನಿಂತವರು, ಹಾಗಾಗಿ ನನಗೆ ಮದ್ರೀನಾ. ನನಗೆ ಹದಿಮೂರು ವರ್ಷವಿದ್ದಾಗ ಅಮ್ಮ ಹೂವಿನ ತೋಟದ ಕೆಲಸಕ್ಕೆ ರಾಜಧಾನಿ ಬೊಗೊತಾ ಕಡೆ ಹೋದಳು. ನಾನು ಶಾಲೆ ಬಿಟ್ಟು ಇವರ ಮನೆಗೆ ಬಂದೆ. ಒಂಬತ್ತು ವರ್ಷದಲ್ಲಿ ಅವರು ಸುಮ್ಮನೆ ಏನನ್ನೂ ಕೇಳಿದ್ದು ನಾನು ಕಂಡಿಲ್ಲ.

ಆ ಕಾಗದದಲ್ಲಿ ನನ್ನ ಸಹಿಯೂ ಇದೆ. ಎರಡನೇ ಸಾಕ್ಷಿ ನಾನು.

ನಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ಡಾಕ್ಟರುಗಳು ಓದು ಮುಗಿಸಿ ಒಂದು ವರ್ಷಕ್ಕೆ ಬರುತ್ತಾರೆ, ನಮ್ಮ ಬೊಯಾಕಾ ಬೆಟ್ಟಗಳ ಚಳಿ ಅಭ್ಯಾಸವಾಗುವಷ್ಟರಲ್ಲಿ ಹೊರಟುಹೋಗುತ್ತಾರೆ. ಈ ವರ್ಷ ಬಂದ ಡಾಕ್ಟರ್ ಯಾಮಿಲ್ ಸಮುದ್ರದ ಕಡೆಯವರು. ಬಿಳಿ ಕೋಟಿನ ಕೆಳಗೆ ಎರಡು ಸ್ವೆಟರು. ಮಾತು ಜೋರು, ನಗು ಜೋರು, ಕಂಡವರನ್ನೆಲ್ಲ ಅಜ್ಜಿ ತಾತ ಎಂದು ಕರೆಯುವವರು. ಮೊದಲ ಸಲ ಕರೆಸಿಕೊಂಡಾಗಲೇ ಮದ್ರೀನಾ ನನ್ನ ಕಿವಿಯಲ್ಲಿ, "ಇವನಿಗೆ ನಾನು ಯಾವಾಗ ಅಜ್ಜಿ ಆದೆ," ಎಂದಿದ್ದರು. ಆದರೂ ಅವರಿಗೆ ಆ ಹುಡುಗ ಇಷ್ಟ. ಎದೆಗೆ ಇಡುವ ಮೊದಲು ಡಾಕ್ಟರು ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು.

ಮಾರ್ಚಿನಲ್ಲಿ ಅವರು ಮೇಜಿನ ಮೇಲೆ ಒಂದು ಫಾರಂ ಇಟ್ಟರು.

"ಅಜ್ಜೀ, ಇದಕ್ಕೆ ಮುಂಚಿತ ಇಚ್ಛಾಪತ್ರ ಅಂತಾರೆ. ನಾಳೆ ನಿಮಗೆ ಹುಷಾರು ತಪ್ಪಿ ಮಾತಾಡೋಕಾಗ್ದೇ ಹೋದ್ರೆ, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಇವತ್ತೇ ಬರೆದಿಡೋದು."

"ಹೊಲ ಆಗ್ಲೇ ಮಗಳ ಹೆಸರಿಗೆ ಬರೆದಾಯ್ತಲ್ಲ ಡಾಕ್ಟ್ರೇ."

"ಹೊಲದ್ದಲ್ಲ ಅಜ್ಜಿ, ದೇಹದ್ದು."

"ದೇಹ ಯಾರಿಗೆ ಬೇಕಪ್ಪ ಈಗ."

ಔಷಧಿ ಬೀರುವಿನ ಹತ್ತಿರ ನಿಂತಿದ್ದ ನರ್ಸ್ ನೂಬಿಯಾ ನಕ್ಕಳು. ಡಾಕ್ಟರೂ ನಕ್ಕು ಪೆನ್ನು ತೆಗೆದುಕೊಂಡರು.

"ಉಸಿರಾಡೋಕೇ ಆಗ್ದಿದ್ರೆ ಗಂಟಲೊಳಗೆ ಕೊಳವೆ ಇಳಿಸಿ ಮಿಷಿನ್ನಿಂದ ಉಸಿರು ಕೊಡ್ತಾರೆ. ನಿಮಗೆ ಅದು ಬೇಕಾ?"

"ಅಯ್ಯೋ ಬೇಡ. ನನಗೋಸ್ಕರ ಯಾಕೆ ಅಷ್ಟೆಲ್ಲ ತೊಂದ್ರೆ."

ಪೆನ್ನು ಒಂದು ಗುರುತು ಹಾಕಿತು.

"ಹೃದಯ ನಿಂತುಹೋದ್ರೆ ಎದೆ ಒತ್ತಿ ಮತ್ತೆ ಓಡಿಸೋದು?"

"ಬೇಡಪ್ಪ, ನಿಮ್ಮ ಕೈ ನೋಯುತ್ತೆ."

ಇನ್ನೊಂದು ಗುರುತು.

"ಮೂಗಿನ ಕೊಳವೆಯಿಂದ ಊಟ ಕೊಡೋದು?"

"ಈಗ ತಾನೇ ತಿಂದ್ಕೊಂಡು ಬಂದೆ."

ಅದಕ್ಕೂ ಗುರುತು ಬಿತ್ತು.

ನಮ್ಮ ಬೆಟ್ಟದ ಕಡೆ ಯಾರ ಮನೆಗೆ ಹೋದರೂ ಕಾಫಿ ಬೇಕಾ ಎಂದರೆ ಬೇಡ ಎನ್ನಬೇಕು. ಒಂದು ಲೋಟಕ್ಕೇನಂತೆ ಎಂದರೆ, ಇಲ್ಲ, ಹೀಗೇ ದಾರಿಯಲ್ಲಿ ಹೋಗುತ್ತಿದ್ದೆ ಎನ್ನಬೇಕು. ಆಮೇಲೆ ಕೇಳದೆಯೇ ಕೈಗೆ ಬಂದ ಲೋಟವನ್ನು, ನೀವು ಅಷ್ಟು ಹೇಳಿದ ಮೇಲೆ ಎಂದು ತೆಗೆದುಕೊಳ್ಳಬೇಕು. ಕೊಡುವವರಿಗೂ ಇದು ಗೊತ್ತು. ಮೇಲುಮನೆಯ ಹೊಸ ಸೊಸೆ ಒಂದು ಸಲ ಮೊದಲ ಬೇಡಕ್ಕೇ ಒಲೆಯಿಂದ ಕಾಫಿ ಪಾತ್ರೆ ಇಳಿಸಿಬಿಟ್ಟಳು ಎಂದು ಮದ್ರೀನಾ ಎರಡು ವರ್ಷ ಹೇಳಿಕೊಂಡು ತಿರುಗಿದರು. ಸಮುದ್ರದ ಕಡೆ ಹಾಗಿಲ್ಲವಂತೆ. ಅಲ್ಲಿ ಬೇಕಿದ್ದವರು ಬೇಕು ಅನ್ನುತ್ತಾರೆ, ಬೇಡವಾದವರು ಬೇಡ ಅನ್ನುತ್ತಾರೆ.

ಮದ್ರೀನಾ ಅಂದದ್ದು ಉಪಚಾರದ ಬೇಡ ಎಂದು ನನಗೆ ಅಲ್ಲೇ ಹೊಳೆದಿತ್ತು. ಡಾಕ್ಟರು ಇನ್ನೊಂದು ಸಲ ಕೇಳುತ್ತಾರೆ ಎಂದು ಕಾದೆ. ಅವರು ಹಾಳೆ ತಿರುಗಿಸಿದರು. "ಇಲ್ಲಿ ಸಹಿ ಹಾಕಿ ಅಜ್ಜಿ. ಸಾಕ್ಷಿ ಇಬ್ಬರು ಬೇಕು. ನೂಬಿಯಾ ಒಬ್ಬಳು. ನಿನಗೆ ಹದಿನೆಂಟು ದಾಟಿದೆಯಾ?"

"ಇಪ್ಪತ್ತೆರಡು," ಎಂದೆ.

ಮದ್ರೀನಾ ಸಹಿ ಹಾಕಿದರು. ಅಷ್ಟೊಂದು ಬರೆದ ಹುಡುಗನಿಗೆ ಬೇಸರವಾಗಬಾರದು ಎಂಬಂತೆ ನಿಧಾನವಾಗಿ, ಪೂರ್ತಿ ಹೆಸರು ಬರೆದರು. ಬಿಳಿ ಕೋಟಿನ ಮುಂದೆ, ಕರಿಹಲಗೆಯ ಮುಂದೆ ನನಗೆ ಬಾಯಿ ಬರುವುದಿಲ್ಲ. ಪೆನ್ನು ಕೊಟ್ಟರು, ಹಾಕಿದೆ.

ಒಂದು ಪ್ರತಿ ಮಿರ್ಯಮ್ ಟೀಚರಿಗೆ ಹೋಯಿತು. ಅವರು ಮದ್ರೀನಾರ ಒಬ್ಬಳೇ ಮಗಳು, ಪೇಟೆಯಲ್ಲಿರುತ್ತಾರೆ. ಊರಿನ ಶಾಲೆಯಲ್ಲಿ ನಾನು ಕಲಿತಷ್ಟನ್ನೂ ಅವರೇ ಕಲಿಸಿದ್ದು. ಆ ದೊಡ್ಡ ರೋಗದ ವರ್ಷ ಅವರ ಅಪ್ಪ ದೋನ್ ಎಲಿಸೆಯೊ ಇಪ್ಪತ್ತೇಳು ದಿನ ಮಿಷಿನ್ನಿನಲ್ಲಿದ್ದು ತೀರಿಕೊಂಡರು. ಕೊಳವೆ ಹಾಕಿ ಎಂದು ಸಹಿ ಮಾಡಿದ್ದು ಟೀಚರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ; ನರ್ಸ್ ಒಬ್ಬಳು ದಿನಕ್ಕೊಂದು ಸಲ ಫೋನು ಹಿಡಿದು ತೋರಿಸುತ್ತಿದ್ದಳು. ಊದಿದ ಆ ಮುಖವನ್ನು ನಾನೂ ಒಮ್ಮೆ ನೋಡಿದ್ದೇನೆ.

ಮಾರ್ಚಿನ ಕಾಗದ ಓದಿ ಟೀಚರು ಅಡುಗೆಮನೆಯ ಮೇಜಿಗೆ ತಲೆ ಕೊಟ್ಟು ಅತ್ತುಬಿಟ್ಟರು. "ಅಮ್ಮ, ನೀವೇ ತೀರ್ಮಾನ ಮಾಡಿದ್ರಲ್ಲ. ಇನ್ನೊಂದ್ಸಲ ಆ ಸಹಿ ಹಾಕೋದು ತಪ್ಪಿಸಿದ್ರಲ್ಲ," ಎಂದರು. ಮದ್ರೀನಾ ಮಗಳ ತಲೆ ಸವರುತ್ತಿದ್ದರು. ಅವರ ಕಣ್ಣು ನನ್ನ ಕಡೆಗಿತ್ತು. ಟೀಚರು ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಚೀಲದಲ್ಲಿಟ್ಟುಕೊಂಡರು. ಅಂದಿನಿಂದ ಅದು ಆ ಚೀಲದಲ್ಲೇ ಇತ್ತು.

ಬೋಗುಣಿಯ ನೀರು ತಣ್ಣಗಾಗುತ್ತಿತ್ತು.

"ಏನು ಬೇಕು ನಿಮಗೆ, ನನಗೆ ಸರಿಯಾಗಿ ಹೇಳಿ," ಎಂದೆ. ಕಾಲ ಕಡೆಗೇ ನೋಡುತ್ತ ಕೇಳಿದೆ.

"ಸಾಯೋಕೆ ಏನೂ ಆತುರ ಇಲ್ಲ ನನಗೆ." ಒಂದು ಉಸಿರು ಬಿಟ್ಟು ಮುಂದುವರಿದರು. "ಮಿಷಿನ್ ಹಾಕ್ಲಿ. ನಾಲ್ಕು ದಿನ, ಐದು ದಿನ ನೋಡ್ಲಿ. ಎದೆ ಸುಧಾರಿಸಿದ್ರೆ ಮನೆಗೆ ಬರ್ತೀನಿ. ಇಲ್ಲಾಂದ್ರೆ ತೆಗೆದುಬಿಡ್ಲಿ, ನನಗೇನೂ ಬೇಜಾರಿಲ್ಲ. ಎಲಿಸೆಯೊ ಥರ ತಿಂಗಳು ಪೂರ್ತಿ ಮಾತ್ರ ಬೇಡ. ಅಷ್ಟೇ. ಆ ಡಾಕ್ಟರ್ ಹುಡುಗ ಇನ್ನೊಂದ್ಸಲ ಕೇಳಿದ್ರೆ ಇದನ್ನೇ ಹೇಳ್ತಿದ್ದೆ. ಅವನು ಕೇಳ್ಲೇ ಇಲ್ಲ."

"ಟೀಚರಿಗೆ ಹೇಳಿ ಮದ್ರೀನಾ."

"ಅವಳ ಮುಂದೆ ಕೂತ್ರೆ ನನ್ನ ಬಾಯಿಗೆ ಬರೋದೇ ಬೇಡ ಅನ್ನೋ ಮಾತು. ಅಪ್ಪನ್ನ ನೋಡಿದ ಮಗು ಅದು. ಇನ್ನೊಂದ್ಸಲ ಅದೇ ಬಾಗಿಲ ಮುಂದೆ ನಿಂತ್ಕೋ ಅಂತ ಹೆತ್ತವಳು ಹೇಗೆ ಹೇಳ್ಲಿ?"

ನಾನು ಕೊನೆಯ ಬೆರಳು ಮುಗಿಸಿ ಉಣ್ಣೆಯ ಕಾಲುಚೀಲ ಹಾಕಿದೆ. ಕಾಗದ ಬದಲಾಯಿಸಬಹುದೋ ಇಲ್ಲವೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಒಂದು ಸಲ ಸಹಿ ಬಿದ್ದರೆ ಮುಗಿಯಿತು, ಹೊಲದ ಪತ್ರದ ಹಾಗೆ, ಎಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಆದರೂ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ ಗುರುವಾರ ಬರುತ್ತೇವೆ ಎಂದೆ. ಯಾಕೆ ಎಂದು ನೂಬಿಯಾ ಕೇಳಿದಳು. ಕಾಗದದ ವಿಷಯ ಎಂದೆ. ಅಷ್ಟು ಹೇಳಬಾರದಿತ್ತು.

ಗುರುವಾರ ನಾವು ಹೋದಾಗ ಮಿರ್ಯಮ್ ಟೀಚರು ಬಾಗಿಲಲ್ಲಿ ನಿಂತಿದ್ದರು. ಶಾಲೆಗೆ ರಜೆ ಹಾಕಿ ಬಂದಿದ್ದರು.

"ಅಮ್ಮ, ಡಾಕ್ಟರ ಹತ್ರ ಬರೋದಿದ್ರೆ ನನಗೆ ಹೇಳ್ಬಾರ್ದಾ? ನೂಬಿಯಾ ಬಾಯಿಂದ ಕೇಳ್ಬೇಕಾ?"

"ನಿನಗ್ಯಾಕೆ ತೊಂದ್ರೆ ಅಂತ, ಸುಮರ್ಸೆ."

ಸುಮರ್ಸೆ ಎಂದರೆ ನಮ್ಮ ಕಡೆ ಪ್ರೀತಿಗೂ ಮರ್ಯಾದೆಗೂ ಒಂದೇ ಮಾತು. ಮದ್ರೀನಾ ಅದನ್ನು ಹಸುವಿಗೂ ಹೇಳುತ್ತಾರೆ, ಪಾದ್ರಿಗಳಿಗೂ ಹೇಳುತ್ತಾರೆ.

ಒಳಗೆ ಡಾಕ್ಟರ್ ಯಾಮಿಲ್ ಕುರ್ಚಿ ಎಳೆದುಕೊಟ್ಟರು. "ಏನಜ್ಜೀ, ಕಾಗದ ಬದಲಾಯಿಸ್ಬೇಕಂತೆ? ಬದಲಾಯಿಸೋಣ ಬಿಡಿ. ಹತ್ತು ಸಲ ಬೇಕಾದ್ರೂ ಬದಲಾಯಿಸ್ಬಹುದು. ಹೊಸದು ಬರೆದ್ರೆ ಹಳೇದು ಹೋಯ್ತು. ಬರೆಯೋಕಾಗ್ಲಿಲ್ವಾ, ಬಾಯಲ್ಲಿ ಹೇಳಿ. ಫೋನಲ್ಲಿ ಹೇಳಿಟ್ರೂ ಆಯ್ತು. ನಿಮಗೆ ಮಾತಾಡೋ ಶಕ್ತಿ ಇರೋವರೆಗೂ ನಿಮ್ಮ ಬಾಯಿಮಾತೇ ಮೊದಲು, ಕಾಗದ ಆಮೇಲೆ."

ನನಗೆ ಎದೆ ಹಗುರವಾಯಿತು. ಅಷ್ಟು ಸುಲಭವೇ ಎನಿಸಿತು.

"ಹೇಳಿ, ಏನು ಬದಲಾಯಿಸ್ಬೇಕು?"

ಮದ್ರೀನಾ ಮಗಳ ಕೈಯನ್ನು ನೋಡಿದರು. ಟೀಚರು ಪ್ಲಾಸ್ಟಿಕ್ ಕವರನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟು ಎರಡೂ ಕೈಯಿಂದ ಒತ್ತಿಕೊಂಡಿದ್ದರು.

"ಏನಿಲ್ಲ ಡಾಕ್ಟ್ರೇ. ಕಾಗದ ಚೆನ್ನಾಗೇ ಇದೆ. ನೀವು ಅಷ್ಟು ಕಷ್ಟಪಟ್ಟು ಬರೆದಿದ್ದೀರಿ."

"ಹಾಗಾದ್ರೆ ಏನೂ ಬದಲಾಯಿಸೋದು ಬೇಡ?"

"ಬೇಡ ಬೇಡ."

ನಾನು ತೂಕದ ಯಂತ್ರದ ಪಕ್ಕ ನಿಂತಿದ್ದೆ. "ಡಾಕ್ಟ್ರೇ," ಎಂದೆ. ಮೂವರೂ ನನ್ನ ಕಡೆ ತಿರುಗಿದರು. ಟೀಚರ ಮುಖ ನೋಡಿದೆ. ಮಗ್ಗಿ ತಪ್ಪಿದಾಗ ಕಾಯುತ್ತಿದ್ದ ಹಾಗೆಯೇ, ಬೈಯದೆ ಕಾಯುತ್ತಿದ್ದರು.

"ಉಸಿರಿನ ಪಂಪು ಮುಗೀತಾ ಬಂದಿದೆ," ಎಂದೆ.

"ಹೊಸದು ಬರೆದುಕೊಡ್ತೀನಿ," ಎಂದರು ಡಾಕ್ಟರು.

ಮನೆಗೆ ಹೋಗುವ ದಾರಿ ಏರು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡೆವು. ಟೀಚರ ಬಸ್ಸು ಹೋದ ಮೇಲೆ ಮದ್ರೀನಾ ಹೇಳಿದರು, "ನೀನಾದ್ರೂ ಹೇಳ್ಬಹುದಿತ್ತು."

"ನೀವೂ ಹೇಳ್ಬಹುದಿತ್ತು."

ಸ್ವಲ್ಪ ದೂರ ನಡೆದೆವು. ಆಮೇಲೆ ಅವರಿಗೆ ನಗು ಬಂತು, ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ನಾನು ಬೆನ್ನು ಹಿಡಿದುಕೊಂಡು ನಿಂತೆ. "ಒಳ್ಳೆ ಜೋಡಿ ಸಿಕ್ಕಿದೀವಿ," ಎಂದರು ಕಣ್ಣೊರೆಸಿಕೊಂಡು.

ಫೋನಲ್ಲಿ ಹೇಳಿಟ್ಟರೂ ಆಯಿತು ಎಂದದ್ದು ನನ್ನ ತಲೆಯಲ್ಲಿತ್ತು. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಫೋನನ್ನು ಬೆಲ್ಲದ ಡಬ್ಬಿಗೆ ಒರಗಿಸಿಟ್ಟೆ. ಮದ್ರೀನಾ ಚರ್ಚಿಗೆ ಹಾಕಿದ್ದ ಕಪ್ಪು ಶಾಲು, ಟೋಪಿ ತೆಗೆಯಲೇ ಇಲ್ಲ. "ಡಾಕ್ಟ್ರು ನೋಡ್ತಾರಲ್ಲ," ಎಂದರು. ಕೂದಲನ್ನು ಕಿವಿಯ ಹಿಂದೆ ಸರಿಸಿದರು. ರೆಕಾರ್ಡಿಂಗಿನ ಕೆಂಪು ಚುಕ್ಕೆ ಹತ್ತಿತು.

"ಡಾಕ್ಟ್ರಿಗೆ ನಮಸ್ಕಾರ. ಹೇಗಿದ್ದೀರಿ? ನಿಮ್ಮ ತಾಯಿ ಆರೋಗ್ಯನಾ? ಇಲ್ಲಿ ಚಳಿ ಜಾಸ್ತಿ, ಸ್ವೆಟರು ಬಿಚ್ಚಬೇಡಿ..."

"ಮದ್ರೀನಾ, ವಿಷಯ."

"ಗೊತ್ತು, ತಡಿ. ಬಂದವಳೇ ಬೇಕು ಅಂತ ಕೈ ಚಾಚೋಕಾಗುತ್ತಾ?"

ನಾನು ಡಾಕ್ಟರ ಹಾಗೆ ಕೇಳಿದೆ. "ಉಸಿರಾಡೋಕೆ ಆಗ್ದಿದ್ರೆ ಕೊಳವೆ ಹಾಕಿ ಮಿಷಿನ್ ಇಡೋದು ನಿಮಗೆ ಬೇಕಾ?"

"ಬೇಡ ಬಿಡು, ಅವರಿಗ್ಯಾಕೆ ತೊಂದ್ರೆ."

ನನಗೆ ಅಳು ಬರುವ ಹಾಗಾಯಿತು. "ಇದು ಕಾಫಿ ಅಲ್ಲ ಮದ್ರೀನಾ."

"ನನಗೆ ಗೊತ್ತಿಲ್ವಾ? ಬಾಯಿಗೆ ಅದೇ ಬರುತ್ತೆ. ಎಪ್ಪತ್ತೆಂಟು ವರ್ಷದ ಬಾಯಿ, ಒಂದೇ ದಿನಕ್ಕೆ ತಿರುಗುತ್ತಾ? ಇನ್ನೊಂದ್ಸಲ ಕೇಳು."

ಕೇಳಿದೆ. ಅವರು ಫೋನಿನ ಕಡೆ ನೋಡಿ, ನನ್ನ ಕಡೆ ನೋಡಿ, "ಬೇಡ ಅಂತಲ್ಲ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಸ್ವಲ್ಪ ಗಟ್ಟಿಯಾಗಿಯೇ ಮತ್ತೆ ಕೇಳಿದೆ. "ಹಾಕ್ಲಾ ಬೇಡ್ವಾ, ಹೇಳಿ."

"ಅಷ್ಟು ಹೇಳ್ತೀಯಲ್ಲ, ಹಾಕ್ಲಿ. ಐದು ದಿನ ನೋಡ್ಲಿ. ಆಗ್ಲಿಲ್ಲ ಅಂದ್ರೆ ತೆಗೀಲಿ."

ಚುಕ್ಕೆ ಆರಿಸಿದೆ. ರೆಕಾರ್ಡಾದದ್ದನ್ನು ಮತ್ತೆ ಹಾಕಿ ಕೇಳಿಸಿಕೊಂಡೆ. ಸಿಳ್ಳೆಯ ಮಧ್ಯೆಯೂ ಮಾತು ಸ್ಪಷ್ಟವಾಗಿತ್ತು. ಅವರಿಗೆ ನೆಮ್ಮದಿಯಾಯಿತು ಎಂದು ಕಾಣುತ್ತದೆ, ಟೋಪಿ ತೆಗೆದು ಮೆಕ್ಕೆಜೋಳದ ಒಂದು ಅರೆಪಾ ರೊಟ್ಟಿ ಪೂರ್ತಿ ತಿಂದರು. ನಾಳೆ ಇದನ್ನು ನೂಬಿಯಾಗೆ ತೋರಿಸಿ ಡಾಕ್ಟರಿಗೆ ಕೊಡುತ್ತೇನೆ ಎಂದೆ. ಮಾರನೇ ದಿನ ಸೋಮವಾರ. ಏಳು ಗಂಟೆಗೆ ಬೆಲ್ಲದ ಬಿಸಿನೀರು ತೆಗೆದುಕೊಂಡು ಹೋದಾಗ ಮದ್ರೀನಾ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು, ಎರಡೂ ಕೈ ಮಂಡಿಗೆ ಊರಿಕೊಂಡು. ತುಟಿ ನೇರಳೆಯಾಗಿತ್ತು. ಸಿಳ್ಳೆ ಇರಲೇ ಇಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು.

ಆಂಬುಲೆನ್ಸ್ ಬಂದು ಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಒಂಬತ್ತಾಗಿತ್ತು. ದಾರಿಯುದ್ದಕ್ಕೂ ನಾನು ಅವರ ಬೆರಳು ಹಿಡಿದುಕೊಂಡಿದ್ದೆ. ಇನ್ನೊಂದು ಕೈಯಲ್ಲಿ ಫೋನು. ಅದರ ಚಾರ್ಜು ಇಳಿಯುತ್ತಿತ್ತು. ಬೇರೆ ಯಾವುದಕ್ಕೂ ಬಳಸಬಾರದೆಂದು ಟೀಚರಿಗೆ ಫೋನು ಮಾಡುವುದನ್ನೂ ನೂಬಿಯಾಗೇ ಬಿಟ್ಟೆ.

ಅಲ್ಲಿನ ಡಾಕ್ಟರು ಹೆಂಗಸು, ಬೊಗೊತಾದವರು, ರಿಯಾನ್ಯೊ ಎಂದು ಕೋಟಿನ ಮೇಲೆ ಹೊಲಿದಿತ್ತು. ಬೇಗ ಬೇಗ ಮಾತು, ಆದರೆ ಗಡಸಲ್ಲ. ಮದ್ರೀನಾಗೆ ಮುಖ ಮುಚ್ಚುವ ದೊಡ್ಡ ಮಾಸ್ಕ್ ಹಾಕಿ, ಎದೆಯ ಎಕ್ಸರೇ ತೆಗೆಸಿ, ಹೊರಗೆ ಬರುವಷ್ಟರಲ್ಲಿ ಟೀಚರು ಓಡಿ ಬಂದಿದ್ದರು. ಕೂದಲು ಕೆದರಿತ್ತು, ಕೈಯಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಇತ್ತು.

"ಎದೆಯಲ್ಲಿ ಸೋಂಕಾಗಿದೆ," ಎಂದರು ಡಾಕ್ಟರು. "ಔಷಧಿ ಶುರು ಮಾಡಿದೀವಿ. ಔಷಧಿ ಕೆಲಸ ಮಾಡೋವರೆಗೆ ಈ ಮಾಸ್ಕ್ ಸಾಕಾಗಲ್ಲ. ಸುಸ್ತಾಗ್ತಾ ಇದಾರೆ. ಇನ್ನೊಂದು ಗಂಟೆಯೊಳಗೆ ಮಿಷಿನ್ನಿಗೆ ಹಾಕ್ಬೇಕಾಗುತ್ತೆ. ಹಾಕಿದ್ರೆ ಒಂದು ವಾರದಲ್ಲಿ ಹೊರಗೆ ಬರೋ ಸಾಧ್ಯತೆ ಇದೆ. ಬರದೇ ಇರೋದೂ ಇದೆ, ಸುಳ್ಳು ಹೇಳಲ್ಲ. ಹಾಕ್ದಿದ್ರೆ ಇವತ್ತು, ನಾಳೆ."

ಟೀಚರು ಕೈಚೀಲದಿಂದ ಕವರು ತೆಗೆದುಕೊಟ್ಟರು. ಡಾಕ್ಟರು ನಿಂತಲ್ಲೇ ಓದಿದರು. ಹಾಳೆ ತಿರುಗಿಸಿ ಸಹಿಗಳನ್ನು ನೋಡಿದರು.

"ಇಲ್ಲಿ ಬೇಡ ಅಂತ ಇದೆ."

"ಹೌದು. ಅಮ್ಮನೇ ತೀರ್ಮಾನ ಮಾಡಿದ್ದು," ಎಂದರು ಟೀಚರು. ಅವರ ಧ್ವನಿ ಗಟ್ಟಿಯಾಗಿತ್ತು, ಕೆನ್ನೆ ಮಾತ್ರ ನಡುಗುತ್ತಿತ್ತು.

"ಅದು ಬದಲಾಗಿದೆ," ಎಂದೆ.

ಇಬ್ಬರೂ ಕೇಳಿಸಲಿಲ್ಲ ಎನ್ನುವ ಹಾಗೆ ನೋಡಿದರು. ನಾನು ಫೋನು ಎತ್ತಿ ಹಿಡಿದು ಭಾನುವಾರದ ವಿಡಿಯೋ ಹಾಕಿದೆ. ಕಾರಿಡಾರಿನಲ್ಲಿ ಗಾಡಿ ತಳ್ಳುವ ಸದ್ದು, ಯಾರದೋ ಮಗು ಅಳುತ್ತಿತ್ತು. ನಮಸ್ಕಾರ, ನಿಮ್ಮ ತಾಯಿ ಆರೋಗ್ಯನಾ. ಬೇಡ ಬಿಡು, ಅವರಿಗ್ಯಾಕೆ ತೊಂದ್ರೆ. ಬೇಡ ಅಂತಲ್ಲ. ಆಮೇಲೆ ನನ್ನ ಧ್ವನಿ. ಮನೆಯಲ್ಲಿ ಕೇಳಿದಾಗ ಅದು ಹಾಗಿರಲಿಲ್ಲ. ಇಲ್ಲಿ ಅದು ಯಾರೋ ಮುದುಕಿಯನ್ನು ಗದರಿಸುವವಳ ಧ್ವನಿಯಾಗಿತ್ತು.

ಮುಗಿಯುವವರೆಗೂ ಟೀಚರು ಗೋಡೆ ನೋಡುತ್ತಿದ್ದರು.

"ಎರಡು ಸಲ ಬೇಡ ಅಂದ್ರು. ಅವರು ಬೇಕು ಅನ್ನೋವರೆಗೂ ನೀನು ಕೇಳ್ದೆ."

"ಅವರು ಯಾವತ್ತೂ ಹಾಗೇ ಅಲ್ವಾ ಟೀಚರ್. ಮೊದಲು ಬೇಡ ಅಂತಾರೆ. ಊರಲ್ಲಿ ಎಲ್ಲರೂ..."

"ಕಾಫಿಗೆ ಹಾಗೆ ಯಿನೆತ್. ಉಸಿರಿಗೆ ಹಾಗಲ್ಲ." ಬೈಯಲಿಲ್ಲ ಅವರು. ಪಾಠ ಹೇಳುವ ಹಾಗೆ, ಒಂದೊಂದೇ ಮಾತು. "ಮಾರ್ಚಿಂದ ನನ್ನ ಹತ್ರ ಒಂದೇ ಮಾತು ಹೇಳ್ತಿದ್ದಾರೆ. ಗುರುವಾರ ಡಾಕ್ಟರ ಮುಂದೆನೂ ಅದೇ ಹೇಳಿದ್ರು. ನೀನೂ ಅಲ್ಲೇ ಇದ್ದೆ. ಆಗ ಏನೂ ಹೇಳ್ಲಿಲ್ಲ."

ನಾನು ಫೋನನ್ನು ಕೆಳಗಿಳಿಸಿದೆ.

"ನಿಮಗೆ ಗೊತ್ತಾ ಡಾಕ್ಟ್ರೇ," ಎಂದು ಟೀಚರು ಅತ್ತ ತಿರುಗಿದರು, "ಇಪ್ಪತ್ತೇಳು ದಿನ ನಮ್ಮಪ್ಪ ಹೀಗೇ. ಐದು ದಿನ ನೋಡೋಣ ಅಂತಲೇ ಅವತ್ತೂ ಹೇಳಿದ್ರು."

ಡಾಕ್ಟರು ಇಬ್ಬರನ್ನೂ ಒಮ್ಮೆ ನೋಡಿ ಕಾಗದ ಮಡಚಿದರು. "ಅವರಿಗೆ ಎಚ್ಚರ ಇದೆ. ಮಾತು ಅರ್ಥ ಆಗ್ತಿದೆ. ಕಾಗದನೂ ಬೇಡ, ಫೋನೂ ಬೇಡ. ಅವರನ್ನೇ ಕೇಳೋಣ ಬನ್ನಿ."

ಪರದೆಯ ಒಳಗೆ ನಾಲ್ಕು ಜನಕ್ಕೆ ಜಾಗವಿರಲಿಲ್ಲ. ಟೀಚರು ಮಂಚದ ಬಲಕ್ಕೆ ನಿಂತು ತಾಯಿಯ ಕೈಯನ್ನು ತಮ್ಮ ಎರಡೂ ಕೈಯೊಳಗೆ ತೆಗೆದುಕೊಂಡರು. ನಾನು ಕಾಲ ಕಡೆ ನಿಂತೆ. ಮದ್ರೀನಾರ ಭುಜಗಳು ಪ್ರತಿ ಉಸಿರಿಗೂ ಮೇಲೇಳುತ್ತಿದ್ದವು. ಕುತ್ತಿಗೆಯ ಗುಳಿ ಒಳಗೆ ಸೇದಿಹೋಗುತ್ತಿತ್ತು. ಕಣ್ಣು ಮಾತ್ರ ಸ್ವಚ್ಛವಾಗಿತ್ತು.

"ದೋನ್ಯಾ ಅನತಿಲ್ದೆ," ಎಂದರು ಡಾಕ್ಟರು ಬಗ್ಗಿ, "ನಿಮ್ಮ ಎದೆ ತುಂಬ ಸುಸ್ತಾಗಿದೆ. ನಿದ್ದೆ ಬರಿಸಿ, ಗಂಟಲಲ್ಲಿ ಕೊಳವೆ ಇಟ್ಟು, ಮಿಷಿನ್ ನಿಮ್ಮ ಬದಲು ಉಸಿರಾಡೋ ಹಾಗೆ ಮಾಡ್ಬಹುದು. ಕೆಲವು ದಿನ. ಬೇಡ ಅಂದ್ರೆ ಮಾಡಲ್ಲ, ನೋವಾಗದ ಹಾಗೆ ನೋಡ್ಕೋತೀವಿ. ನಿಮಗೇನು ಬೇಕು?"

ಮಾಸ್ಕನ್ನು ಒಂದು ಬೆರಳಷ್ಟು ಎತ್ತಿ ಹಿಡಿದರು.

ಮದ್ರೀನಾ ಡಾಕ್ಟರ ಕಡೆ ನೋಡಲಿಲ್ಲ. ಮಗಳನ್ನು ನೋಡಿದರು. ಟೀಚರ ಗಲ್ಲದಿಂದ ಕಣ್ಣೀರು ಇಳಿದು ಹಿಡಿದುಕೊಂಡ ಕೈಗಳ ಮೇಲೆ ಬೀಳುತ್ತಿತ್ತು. "ಹೇಳಿ ಅಮ್ಮ. ನೀವು ಹೇಳಿದ ಹಾಗೇ ಆಗಲಿ," ಎಂದರು ಅವರು. ನಿಜವಾಗಿಯೂ ಹಾಗೆಯೇ ಅಂದುಕೊಂಡು ಹೇಳಿದರು, ಅದರಲ್ಲಿ ಸುಳ್ಳಿರಲಿಲ್ಲ.

ಮದ್ರೀನಾರ ತುಟಿ ಆಡಿತು. ಬಂದದ್ದು ಎರಡೇ ಮಾತು, ನಡುವೆ ಒಂದು ಉಸಿರು.

"ತೊಂದ್ರೆ... ಬೇಡ."

ಡಾಕ್ಟರು ಮಾಸ್ಕ್ ಇಳಿಸಿದರು. ಜೇಬಿನಿಂದ ಪೆನ್ನು ತೆಗೆದರು. ಟೀಚರು ತಲೆ ಬಗ್ಗಿಸಿ ತಾಯಿಯ ಬೆರಳುಗಳಿಗೆ ಹಣೆ ಮುಟ್ಟಿಸಿದರು. ಆ ತಲೆಯ ಮೇಲಿಂದ ಮದ್ರೀನಾ ನನ್ನನ್ನು ನೋಡಿದರು. ಹಾಗೇ ನೋಡುತ್ತಿದ್ದರು, ಕಣ್ಣು ತೆಗೆಯಲಿಲ್ಲ.

ಮಂಚದ ಕಬ್ಬಿಣದ ಸರಳನ್ನು ಹಿಡಿದುಕೊಂಡೆ. ನನಗೆ ಓದು ಕಲಿಸಿದವರಿಗೆ, ಅದೂ ಅವರ ತಾಯಿಯ ಮಂಚದ ಪಕ್ಕದಲ್ಲಿ, ನಾನು ಹೀಗೆ ಹೇಳುತ್ತೇನೆಂದು ಆವರೆಗೆ ನನಗೇ ಗೊತ್ತಿರಲಿಲ್ಲ.

"ಟೀಚರ್," ಎಂದೆ. "ಡಾಕ್ಟ್ರು ಇನ್ನೊಂದ್ಸಲ ಕೇಳೋವರೆಗೆ ನೀವು ಸ್ವಲ್ಪ ಹೊರಗೆ ನಿಂತ್ಕೊಳ್ಳಿ."

ಟೀಚರು ತಲೆ ಎತ್ತಲಿಲ್ಲ. ಡಾಕ್ಟರ ಪೆನ್ನು ಹಾಳೆಯ ಮೇಲೆ, ಇನ್ನೂ ಗುರುತು ಹಾಕದೆ, ನಿಂತಿತ್ತು.